ಚಿತ್ತುಕಾಟಿಗೆ ಸಹಿ

ಡೊಂಬಿವಲಿಯಲ್ಲಿ 'ಓವರ್‌ಲೋಡ್' ಅಂದರೆ ಬೆಳಗಿನ ಎಂಟೂ ಚಿಲ್ಲರೆಯ ಫಾಸ್ಟ್ ಲೋಕಲ್. ಆ ಮಾತಿಗೆ ಬೇರೆ ಅರ್ಥವೂ ಇದೆ ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಿದರೆ ಜನ ನಗುತ್ತಾರೆ. ನನ್ನ ಹೊಟ್ಟೆಪಾಡಿನ ಕೆಲಸದಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಆ ಇನ್ನೊಂದು ಅರ್ಥದ ಸುತ್ತ ನಾನೊಂದು ತಪ್ಪು ಮಾಡಿದ್ದೇನೆ. ತಪ್ಪು ಹೌದೋ ಅಲ್ಲವೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಒಂದು ದಿನ ಒಂದು ಯಂತ್ರ ನನ್ನ ಕೆಲಸದಲ್ಲಿ ತಪ್ಪಿದೆ ಎಂದಿತು. ತಪ್ಪಿರಲಿಲ್ಲ. ತಪ್ಪು ಯಂತ್ರದ್ದೇ ಆಗಿತ್ತು, ಅದನ್ನು ಮಾಡಿದವರೂ ಆಮೇಲೆ ಒಪ್ಪಿಕೊಂಡರು. ಆ ಜಾಗದಲ್ಲಿ ನಾನು ಅದರ ಬಾಯಿ ಮುಚ್ಚಿಸಿದೆ. ಹನ್ನೊಂದು ತಿಂಗಳ ಮೇಲೆ, ನಾನು ಮುಚ್ಚಿಸಿದ ಆ ಬಾಯಿಯಿಂದಾಗಿ ಕೆಲವು ಜನರ ಕೂಲಿ ಹೋಯಿತು. ಅಂದು ನಾನು ಮಾಡಿದ್ದು ಸರಿ. ಸರಿಯಾದದ್ದನ್ನು ಮಾಡಿದವನು ಅದರ ಫಲಕ್ಕೆ ಹೊಣೆಯೇ?

ನಾನು ಕುಮಟಾ ಕಡೆಯವನು. ಮನೆ ಡೊಂಬಿವಲಿ ಪೂರ್ವ, ಕಚೇರಿ ಐರೋಲಿ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ. ನಮ್ಮ ಕಂಪನಿ ಕಟ್ಟಡ ಕಂತ್ರಾಟುದಾರರಿಗೆ ಹಾಜರಿ ಮತ್ತು ಕೂಲಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಘಣಸೋಲಿಯಿಂದ ಪನವೇಲ್‌ವರೆಗೆ, ಇತ್ತ ಕಲ್ಯಾಣದ ಆಚೆಯವರೆಗೆ, ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿರುತ್ತವೆ. ಅವುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಆ ಶೆಡ್ಡಿನ ಜನರ ಹಾಜರಿಯೇ ನಮ್ಮ ಪ್ರೋಗ್ರಾಂ ಒಳಗೆ ಹೋಗುವ ಸರಕು. ಅದನ್ನು ನಾನು ಬಹಳ ದಿನ ಹಾಗೆ ನೋಡಿರಲಿಲ್ಲ. ನನ್ನ ಮಟ್ಟಿಗೆ ಅವು ಸಂಖ್ಯೆಗಳು.

ಕೆಲಸ ಪೈಥಾನ್ ಭಾಷೆಯಲ್ಲಿ. ಓದುಗರಲ್ಲಿ ಅರ್ಧದಷ್ಟು ಜನ ಇದೇ ದಂಧೆಯವರು ಎಂದು ಗೊತ್ತು, ಅವರು ಮುಂದಿನ ನಾಲ್ಕೈದು ಪ್ಯಾರಾ ಹಾರಿಸಬಹುದು. ಪೈಥಾನ್ ಮೂಲತಃ ಉದಾರ ಭಾಷೆ. ಹೆಸರು ಬರಬೇಕಾದ ಕಡೆ ಸಂಖ್ಯೆ ಕೊಟ್ಟರೆ ಓಡುವ ತನಕ ಏನೂ ಅನ್ನುವುದಿಲ್ಲ, ಓಡುವಾಗ ಬೀಳುತ್ತದೆ, ಕೆಲವೊಮ್ಮೆ ಬೀಳುವುದೂ ಇಲ್ಲ. ಇದಕ್ಕೆಂದು 2014ರಲ್ಲಿ ಗೀಡೋ ವಾನ್ ರಾಸಮ್, ಯುಕ್ಕಾ ಲೆಹ್ಟೊಸಾಲೊ ಮತ್ತು ಊಕಾಶ್ ಲಾಂಗಾ ಒಂದು ಪ್ರಸ್ತಾವ ಬರೆದರು, 2015ರ ಪೈಥಾನ್ 3.5ರಲ್ಲಿ ಅದು ಜಾರಿಗೆ ಬಂತು. ಇಲ್ಲಿ ಸಂಖ್ಯೆ, ಅಲ್ಲಿ ಹೆಸರು, ಮತ್ತೊಂದು ಕಡೆ ಹೆಸರುಗಳ ಪಟ್ಟಿ ಎಂದು ಬರೆಯುವವನೇ ಗುರುತು ಹಾಕಬಹುದು. ಆ ಗುರುತುಗಳನ್ನು ಪ್ರೋಗ್ರಾಂ ಓಡಿಸದೆ, ಬರೀ ಓದಿ, ಹೊಂದಿಕೆ ನೋಡಿ ಹೇಳುವ ಪ್ರತ್ಯೇಕ ಪ್ರೋಗ್ರಾಂಗಳು ಇವೆ. ಅವೇ ಟೈಪ್ ಚೆಕರ್‌ಗಳು. ಮೈಪೈ, ಪೈರೈಟ್ ಹೀಗೆ ಹಲವು. ನಾವು ಬಳಸುತ್ತಿದ್ದುದು ಯಾವುದು ಎಂಬುದು ಈ ಕಥೆಗೆ ಬೇಡ. ತಹಸೀಲ್ದಾರರ ಕಚೇರಿಯಲ್ಲಿ ಕಾಗದಪತ್ರ ಪರಿಶೀಲಿಸುವ ಗುಮಾಸ್ತನಂತೆ ಅದು. ಮನುಷ್ಯನನ್ನು ನೋಡುವುದಿಲ್ಲ, ಕಾಗದಕ್ಕೆ ಕಾಗದ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ.

ಇನ್ನು ಓವರ್‌ಲೋಡ್. ಒಂದೇ ಹೆಸರಿನ ಕೆಲಸ, ಕೈಗೆ ಏನು ಕೊಟ್ಟರು ಎಂಬುದರ ಮೇಲೆ ಬೇರೆ ಬೇರೆ ರೀತಿ ನಡೆಯುವುದು. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 'ಹತ್ತು' ಅಂದರೆ ಸಂಖ್ಯೆಯೂ ಹೌದು, ಗಾಡಿ ಹತ್ತು ಎಂಬ ಆಜ್ಞೆಯೂ ಹೌದು. 'ಮೂರು ಕಾಲು' ಎಂದರೆ ಮುರಿದ ಕುರ್ಚಿಯ ಸುದ್ದಿಯೋ ಗಡಿಯಾರದ ಸುದ್ದಿಯೋ ಎಂದು ಸಂದರ್ಭ ನೋಡಿ ತಿಳಿಯಬೇಕು. ಕುರ್ಚಿಯಾದರೆ ಮೂರು ವಸ್ತು, ಗಡಿಯಾರವಾದರೆ ಒಂದೇ ಹೊತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜೆನೆರಿಕ್ ಎಂದರೆ ಅರ್ಜಿ ನಮೂನೆಯ ಖಾಲಿ ಗೆರೆ. 'ಇಂಥ ಊರಿನ ಇಂಥವರ ಮಗ ಇಂಥವನು' ಎಂದು ಅಚ್ಚು ಹಾಕಿಸಿಟ್ಟರೆ ಯಾರು ಬೇಕಾದರೂ ತುಂಬಬಹುದು. ನಮ್ಮ ಹಾಜರಿ ಖಾತೆಯೂ ಹಾಗೆಯೇ ಇತ್ತು: 'ಇಂಥದ್ದರ ಹಾಜರಿ ಖಾತೆ'. ಆ 'ಇಂಥದ್ದು' ಏನೆಂದು ಖಾತೆ ತೆರೆಯುವವನು ಹೇಳಬೇಕು.

ಟ್ಯೂಪಲ್ ಎಂದರೆ ಅನುಕ್ರಮವೇ ಅರ್ಥವಾಗಿರುವ ಒಂದು ಕಟ್ಟು. ಸೆಂಟ್ರಲ್ ಲೈನಿನ ಹೆಂಗಸರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಹನ್ನೆರಡು ಡಬ್ಬಿಯ ಗಾಡಿಗೆ ಲೇಡೀಸ್ ಡಬ್ಬಿ ನಿಲ್ಲುವ ಜಾಗ ಬೇರೆ, ಹದಿನೈದರದ್ದಕ್ಕೆ ಬೇರೆ. ಇಂಡಿಕೇಟರ್ ನೋಡದೆ ನಿಂತರೆ ಡಬ್ಬಿ ಮುಂದೆ ಹೋಗಿರುತ್ತದೆ, ಓಡಬೇಕು. ಟ್ಯೂಪಲ್‌ನಲ್ಲೂ ಎರಡು ಬಗೆ: 'ಮೊದಲು ಹೆಸರು, ಆಮೇಲೆ ಸಂಖ್ಯೆ, ಒಟ್ಟು ಎರಡೇ' ಎಂಬ ನಿಗದಿತ ಉದ್ದದ್ದು ಒಂದು, 'ಎಷ್ಟಾದರೂ ಹೆಸರು' ಎಂಬ ಅಳತೆಯಿಲ್ಲದ್ದು ಇನ್ನೊಂದು.

ಈ ಮೂರೂ ಸೇರಿದ ಕಡೆ ಟೈಪ್ ಚೆಕರ್‌ಗಳು ಎಡವುತ್ತವೆ. ಪೈಥಾನ್‌ನಲ್ಲಿ ಜಿಪ್ ಎಂಬ ಸಾಮಾನ್ಯ ಸವಲತ್ತಿದೆ, ಹಲವು ಪಟ್ಟಿಗಳನ್ನು ಜಡೆ ಹೆಣೆದಂತೆ ಹೆಣೆದು ಟ್ಯೂಪಲ್‌ಗಳನ್ನು ಕೊಡುತ್ತದೆ. ಚೆಕರ್‌ಗಳು ನೆಚ್ಚುವ ಘೋಷಣೆಗಳಲ್ಲಿ ಅದನ್ನು ಒಂದು ಪಟ್ಟಿಗೆ, ಎರಡಕ್ಕೆ, ಮೂರಕ್ಕೆ ಎಂದು ಐದರವರೆಗೆ ಬಿಡಿಬಿಡಿಯಾಗಿ ಬರೆದಿದ್ದಾರೆ. ಆರನೆಯ ಪಟ್ಟಿ ಕೊಟ್ಟಿರೋ, 'ಏನಾದರೂ ಇರಬಹುದು' ಎಂದು ಕೈಚೆಲ್ಲುತ್ತದೆ. ಬೈಗುಳವಿಲ್ಲ, ಎಚ್ಚರಿಕೆಯಿಲ್ಲ. ಐದರವರೆಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡಿದ್ದ ಕಾವಲುಗಾರ ಆರಕ್ಕೆ ಬೀಡಿ ಹಚ್ಚಿದಂತೆ.

ನಮ್ಮ ಖಾತೆಯಲ್ಲಿ 'ಹಾಜರಿ ಹಾಕು' ಎಂಬ ಮೆಥಡ್ ಇತ್ತು. ಅದಕ್ಕೆ ಎರಡು ಘೋಷಣೆ. ಒಬ್ಬ ಕೆಲಸಗಾರನ ಗುರುತು ಕೊಟ್ಟರೆ ಅವನೊಬ್ಬನಿಗೆ ಹಾಜರಿ. ಟ್ಯೂಪಲ್ ಕೊಟ್ಟರೆ ಅದರಲ್ಲಿರುವ ಎಲ್ಲರಿಗೂ ಹಾಜರಿ, ಏಕೆಂದರೆ ಸೈಟಿನಲ್ಲಿ ಮುಕಾದಮ ಗ್ಯಾಂಗಿಗೆ ಗ್ಯಾಂಗನ್ನೇ ಒಂದೇ ಸಲ ಬರೆಸುತ್ತಾನೆ. ಮಸ್ಟರ್ ಓದುವ ಕಡತದಿಂದ ಬರುವುದು ಒಂದು ಗುರುತೂ ಆಗಿರಬಹುದು, ಗ್ಯಾಂಗೂ ಆಗಿರಬಹುದು. ಚೆಕರ್ ಆ 'ಇದೂ ಆಗಬಹುದು ಅದೂ ಆಗಬಹುದು' ಎಂಬುದನ್ನು ಎರಡು ಹೋಳು ಮಾಡಿ, ಮೊದಲ ಹೋಳಿಗೆ ಮೊದಲ ಘೋಷಣೆ, ಎರಡನೆಯದಕ್ಕೆ ಎರಡನೆಯದು ಎಂದು ನೋಡಬೇಕಿತ್ತು. ಖಾಲಿ ಗೆರೆ ಬೇರೆ ಇದ್ದುದರಿಂದ ತಬ್ಬಿಬ್ಬಾಗಿ, ಯಾವ ಘೋಷಣೆಗೂ ಇದು ಹೊಂದುವುದಿಲ್ಲ ಎಂದಿತು. ನಾನು ಒಂದು ಮಧ್ಯಾಹ್ನವಿಡೀ ಕೂತು ಕೈಯಲ್ಲಿ ಬಿಡಿಸಿ ನೋಡಿದೆ. ಹೊಂದುತ್ತಿತ್ತು. ಸಣ್ಣ ಉದಾಹರಣೆ ಮಾಡಿ ಅದರ ತಯಾರಕರಿಗೆ ಕಳಿಸಿದೆ. ಹೌದು, ಇದು ನಮ್ಮದೇ ದೋಷ ಎಂದು ಉತ್ತರ ಬಂತು, ಕೆಲವು ಆವೃತ್ತಿಗಳ ನಂತರ ತಿದ್ದಿದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆದರೂ ಅವತ್ತು ಸ್ವಲ್ಪ ಜಂಬ ಇತ್ತು.

ಅಷ್ಟರವರೆಗೆ ಕೆಲಸ ನಿಲ್ಲಬಾರದಲ್ಲ. ಇಂಥ ಹೊತ್ತಿಗೆಂದೇ ಅದೇ 2014ರ ಪ್ರಸ್ತಾವದಲ್ಲಿ ಒಂದು ಸೌಕರ್ಯ ಇಟ್ಟಿದ್ದಾರೆ. ಸಾಲಿನ ಕೊನೆಗೆ 'ಟೈಪ್ ಇಗ್ನೋರ್' ಎಂದು ಟಿಪ್ಪಣಿ ಬರೆದರೆ ಚೆಕರ್ ಆ ಸಾಲಿನ ಬಗ್ಗೆ ಬಾಯಿ ಬಿಡುವುದಿಲ್ಲ. ಬರೆದೆ. ಜೊತೆಯಲ್ಲಿದ್ದ ಹಿರಿಯರು "ಏಕೆ?" ಎಂದರು. "ಟೂಲ್‌ನ ತಪ್ಪು ಸರ್" ಎಂದೆ. ಸತ್ಯವೇ. ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ನಮ್ಮಲ್ಲಿ ಗಾದೆ ಬೇರೆ ಇದೆ.

ನಾನು ಅವತ್ತು ಗಮನಿಸದ್ದು ಒಂದು. ನಾಯಿ ಇವತ್ತು ಈ ಕಾರಣಕ್ಕೆ ಬೊಗಳಿದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೆ ನಾನು ಕಟ್ಟಿದ್ದು ಆ ಒಂದು ಬೊಗಳನ್ನಲ್ಲ, ಬಾಯನ್ನೇ. ಇನ್ನು ಮುಂದೆ ಆ ಬಾಗಿಲಿಗೆ ಯಾರು ಬಂದರೂ ಅದು ಸುಮ್ಮನಿರಬೇಕು.

ಹನ್ನೊಂದು ತಿಂಗಳಾದ ಮೇಲೆ ಇಬ್ಬರು ಕಂತ್ರಾಟುದಾರರ ಕೆಲಸಗಾರರ ನಂಬರುಗಳು ಒಂದಕ್ಕೊಂದು ತಾಕಿದವು. ಇಬ್ಬರಲ್ಲೂ 214 ಇದ್ದ. ಆದ್ದರಿಂದ ಗುರುತನ್ನು ಒಂದು ಪದದಿಂದ ಜೋಡಿಗೆ ಬದಲಿಸುವುದು ಎಂದಾಯಿತು: ಕಂತ್ರಾಟುದಾರನ ಸಂಕೇತ, ಆಮೇಲೆ ಸಂಖ್ಯೆ. ಅಂದರೆ ಟ್ಯೂಪಲ್. ಈ ಕೆಲಸ ಬಿದ್ದದ್ದು ಕಲ್ಯಾಣದಿಂದ ಬರುವ ಒಬ್ಬ ಹೊಸ ಹುಡುಗನ ಪಾಲಿಗೆ. ಶ್ರದ್ಧೆಯವನು. ಮಸ್ಟರ್ ಓದುವ ಕಡತದಲ್ಲಿ ಗುರುತಿನ ಟೈಪ್ ಬದಲಿಸಿ, ಚೆಕರ್ ಕೂಗಿದ ಕಡೆಯಲ್ಲೆಲ್ಲ ಹೋಗಿ ಸರಿಮಾಡಿದ. ಕೂಗು ನಿಂತಾಗ ಕೆಲಸ ಮುಗಿಯಿತು ಎಂದುಕೊಂಡ. ಅದು ಸಹಜ, ಚೆಕರ್ ಇರುವುದೇ ಅದಕ್ಕೆ. ಓದುವ ಕಡತಕ್ಕೂ ಖಾತೆಯ ಕಡತಕ್ಕೂ ನಡುವೆ ಇದ್ದ ಸೇತುವೆ ಒಂದೇ ಸಾಲು, ಆ ಸಾಲಿನಲ್ಲಿ ನನ್ನ ಟಿಪ್ಪಣಿ. ಅಲ್ಲಿ ಚೆಕರ್ ಕೂಗಲಿಲ್ಲ. ಖಾತೆ ಇನ್ನೂ ಪದಗಳ ಖಾತೆಯಾಗಿಯೇ ಉಳಿಯಿತು, ಬಂದದ್ದು ಪದ ಮತ್ತು ಸಂಖ್ಯೆಯ ಜೋಡಿ. ಟಿಪ್ಪಣಿ ಇರದಿದ್ದರೆ ಚೆಕರ್ ಈ ಸಲ ಸರಿಯಾದ ಕಾರಣಕ್ಕೇ ಕೂಗುತ್ತಿತ್ತು. ನಮ್ಮ ಪರೀಕ್ಷಾ ಪ್ರೋಗ್ರಾಂಗಳಲ್ಲಿ ಹಳೆಯ ಗುರುತುಗಳೇ ಇದ್ದವು, ಅವು ಪಾಸಾದವು.

ಓಡುವಾಗ ಏನಾಯಿತು ನೋಡಿ. 'ಟಿಎಚ್, 214' ಎಂಬ ಒಬ್ಬ ಮನುಷ್ಯ ಮೆಥಡ್‌ಗೆ ಹೋದ. ಮೆಥಡ್ ನೋಡಿತು: ಟ್ಯೂಪಲ್ ಬಂದಿದೆ, ಹಾಗಾದರೆ ಗ್ಯಾಂಗು. 'ಟಿಎಚ್' ಎಂಬವನಿಗೊಂದು ಹಾಜರಿ, '214' ಎಂಬವನಿಗೊಂದು ಹಾಜರಿ ಹಾಕಿತು. ಇಬ್ಬರೂ ಲೋಕದಲ್ಲಿಲ್ಲ. ಇದ್ದವನಿಗೆ ಹಾಜರಿಯಿಲ್ಲ. ಮೂರು ಕಾಲು ಗಂಟೆಯನ್ನು ಕುರ್ಚಿ ಎಂದುಕೊಂಡಂತೆ. ಪೈಥಾನ್‌ನಲ್ಲಿ ಈ 'ಒಂದೋ ಹಲವೋ' ಎಂಬ ಗೊಂದಲ ಹಳೆಯದು. ಶೇಕಡಾ ಚಿಹ್ನೆಯಿಂದ ವಾಕ್ಯದೊಳಗೆ ಬೆಲೆ ತುಂಬುವ ಹಳೇ ಕ್ರಮದಲ್ಲೂ ಒಂದೇ ಬೆಲೆಯಾಗಿ ಟ್ಯೂಪಲ್ ಕೊಟ್ಟರೆ ಅದು ಬಿಡಿಸಿಕೊಂಡು ಕೂರುತ್ತದೆ. ಆದರೆ ಅಲ್ಲಿ ಪ್ರೋಗ್ರಾಂ ಬೀಳುತ್ತದೆ, ಗೊತ್ತಾಗುತ್ತದೆ. ನಮ್ಮದು ಬೀಳಲಿಲ್ಲ.

ಗ್ಯಾಂಗಿನಲ್ಲಿ ಬರೆಸಿಕೊಂಡವರಿಗೆ ಏನೂ ಆಗಲಿಲ್ಲ, ಜೋಡಿಗಳ ಟ್ಯೂಪಲ್ ಬಿಡಿಸಿದರೆ ಜೋಡಿಗಳೇ ಸಿಗುತ್ತವಲ್ಲ. ಪೆಟ್ಟು ಬಿದ್ದದ್ದು ಒಬ್ಬೊಬ್ಬರಾಗಿ ಬಂದು ಬರೆಸುವವರಿಗೆ. ತಡವಾಗಿ ಬಂದವರು, ಯಾವ ಗ್ಯಾಂಗಿಗೂ ಸೇರದ ಬಿಡಿ ಆಳುಗಳು, ಮಗುವನ್ನು ಶೆಡ್ಡಿನಲ್ಲಿ ಮಲಗಿಸಿ ಬರುವ ಹೆಂಗಸರು. 'ಟಿಎಚ್' ಎಂಬ ಭೂತ ಮಾತ್ರ ಒಂದೇ ತಿಂಗಳಲ್ಲಿ ನೂರಾರು ದಿನ ದುಡಿದಿದ್ದ. ಕೂಲಿ ಪಟ್ಟಿ ಮಾಡುವ ಪ್ರೋಗ್ರಾಂ ಬೇರೆಯದು. ಅದು ತನ್ನಲ್ಲಿದ್ದ ಹೆಸರುಗಳ ಹಾಜರಿಯನ್ನಷ್ಟೇ ಕೇಳುತ್ತಿದ್ದುದರಿಂದ ಈ ಭೂತದ ಮುಖ ಯಾರಿಗೂ ಕಾಣಲಿಲ್ಲ.

ನನಗೆ ಗೊತ್ತಾದದ್ದು ಫೋನಿನಿಂದ. ಸಹಾಯವಾಣಿಯ ಹುಡುಗಿ ನನ್ನ ಮೇಜಿಗೆ ಬಂದು, "ಸರ್, ನೀವು ಕನ್ನಡದವರಲ್ವಾ, ಇವರು ಹೇಳೋದು ನಂಗೆ ಅರ್ಥ ಆಗ್ತಿಲ್ಲ" ಎಂದು ಹಿಂದಿಯಲ್ಲಿ ಹೇಳಿ ಫೋನು ಕೊಟ್ಟಳು. ಸೂಪರ್‌ವೈಸರ್ ಬೇಸತ್ತು ನಮ್ಮ ನಂಬರನ್ನೇ ಆ ಮನುಷ್ಯನಿಗೆ ಕೊಟ್ಟು ಕಳಿಸಿದ್ದ.

"ನಮಸ್ಕಾರ್ರಿ ಸರ. ನಾ ಒಂದ್ ದಿನಾನೂ ತಪ್ಪಿಸಿಲ್ರಿ. ಪುಸ್ತಕದಾಗ ಹೆಬ್ಬಟ್ಟ ಒತ್ತೀನಿ. ಕಂಪ್ಯೂಟರ್‌ದಾಗ ಮಾತ್ರ ನಾ ಇಲ್ಲೇ ಇಲ್ಲ ಅಂತಾರ."

ನೋಡುತ್ತೇನೆ, ಎಲ್ಲೋ ತಪ್ಪಾಗಿರಬೇಕು ಎಂದೆ.

"ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ ಅಂತಾರ್ರಿ ಇವ್ರು. ಹಂಗಾದ್ರ ನಾ ಸುಳ್ಳ ಹೇಳ್ತೀನೇನ್ರಿ?"

ಈ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಿಲ್ಲ. ನಮ್ಮ ಕುಮಟಾ ಕನ್ನಡಕ್ಕೂ ಅವರದಕ್ಕೂ ಇರುವ ದೂರ ಅದಕ್ಕೆ ಕಾರಣವಲ್ಲ.

ಸಾಲು ಸಿಗಲು ಎರಡು ದಿನ ಹಿಡಿಯಿತು. ಸಿಕ್ಕಾಗ ಪಕ್ಕದಲ್ಲಿ ನನ್ನ ಹೆಸರಿತ್ತು. ಯಾರು ಯಾವತ್ತು ಯಾವ ಸಾಲು ಬರೆದರು ಎಂದು ತೋರಿಸುವ ಸಲಕರಣೆಗೆ ನಮ್ಮ ದಂಧೆಯಲ್ಲಿ 'ಬ್ಲೇಮ್' ಎಂದೇ ಹೆಸರು.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನ ಪರವಾಗಿ ಹೇಳಬಹುದಾದದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ.

ಮೊದಲನೆಯದು, ಯಂತ್ರ ತಪ್ಪು ಹೇಳಿದಾಗ ಮೀರಲೇಬೇಕು, ಬೇರೆ ದಾರಿಯಿಲ್ಲ. ಇದು ಸೋಮಾರಿಯ ವಾದವಲ್ಲ, ಗಣಿತದ ಬೆಂಬಲ ಇದಕ್ಕಿದೆ. 1936ರಲ್ಲಿ ಅಲನ್ ಟ್ಯೂರಿಂಗ್, ಒಂದು ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೇ ಎಂದು ಎಲ್ಲ ಸಂದರ್ಭದಲ್ಲೂ ಮೊದಲೇ ಹೇಳಬಲ್ಲ ಯಂತ್ರ ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ದಾರಿ ತೆರೆದ. 1953ರಲ್ಲಿ ಹೆನ್ರಿ ಗಾರ್ಡನ್ ರೈಸ್ ಅದನ್ನು ವಿಸ್ತರಿಸಿ, ಪ್ರೋಗ್ರಾಂ ಓಡಿದಾಗ ಏನು ಮಾಡುತ್ತದೆ ಎಂಬ ಬಗೆಗಿನ ಯಾವ ಹುರುಳುಳ್ಳ ಪ್ರಶ್ನೆಗೂ ಅಂಥ ಯಂತ್ರ ಇಲ್ಲ ಎಂದು ಸಾಧಿಸಿದ. ಹಾಗಾಗಿ ಓಡಿಸದೆ ತಪ್ಪು ಹುಡುಕುವ ಚೆಕರ್‌ಗೆ ಇರುವುದು ಎರಡೇ ಪಾಡು: ಕೆಲವೊಮ್ಮೆ ಇಲ್ಲದ ತೋಳಕ್ಕೆ ಕೂಗುವುದು, ಇಲ್ಲವೇ ಇರುವ ತೋಳಕ್ಕೆ ಸುಮ್ಮನಿರುವುದು. ಪೈಥಾನ್‌ನವು ಎರಡನ್ನೂ ಅಷ್ಟಿಷ್ಟು ಮಾಡುತ್ತವೆ. ಅಂದ ಮೇಲೆ ಮೀರುವ ಕಿಂಡಿ ಇರಲೇಬೇಕು. (ನಮ್ಮ ದೇಶದ ಹಳೆಯ ಸಂಬಳ ಪಾವತಿ ಕಾಯ್ದೆಯೂ 1936ರದ್ದೇ ಆಗಿತ್ತು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಅವಧಿ ಮುಗಿದ ಏಳು ದಿನದೊಳಗೆ, ಇಲ್ಲವಾದರೆ ಹತ್ತು ದಿನದೊಳಗೆ ಕೂಲಿ ಕೈಗೆ ಬರಬೇಕು ಎಂದಿತು ಅದು. ಅದರಲ್ಲಿ ರೈಸ್‌ನ ಪ್ರಮೇಯಕ್ಕೆ ವಿನಾಯಿತಿ ಇರಲಿಲ್ಲ.)

ಎರಡನೆಯದು ಇನ್ನೂ ಬಲವಾದದ್ದು. ಆ ಹುಡುಗ ಖಾತೆಯ ಕಡತವನ್ನೂ ತೆರೆದು, ಖಾಲಿ ಗೆರೆಯಲ್ಲಿ 'ಜೋಡಿ' ಎಂದೇ ತುಂಬಿದ್ದ ಎನ್ನಿ. ಆಗ ನನ್ನ ಟಿಪ್ಪಣಿ ಇಲ್ಲದಿದ್ದರೂ ಚೆಕರ್ ಮೆಚ್ಚಿ ತಲೆದೂಗುತ್ತಿತ್ತು. ಅದರ ಲೆಕ್ಕದಲ್ಲಿ ಜೋಡಿ ಅಂದರೆ ಒಂದು ಗುರುತು, ಮೊದಲ ಘೋಷಣೆ ಹೊಂದಿತು, ಮುಗಿಯಿತು. ಓಡುವಾಗ ಮೆಥಡ್ ಮಾತ್ರ 'ಟ್ಯೂಪಲ್ ಬಂತು, ಗ್ಯಾಂಗು' ಎಂದೇ ಬಿಡಿಸುತ್ತಿತ್ತು. ಕಾಗದವೆಲ್ಲ ಸರಿ, ಮನುಷ್ಯ ಮಾಯ. ಅಂದರೆ ಮೂಲ ದೋಷ ವಿನ್ಯಾಸದಲ್ಲೇ ಇತ್ತು, ಒಂದಕ್ಕೂ ಹಲವಕ್ಕೂ ಒಂದೇ ಬಾಗಿಲು ಇಟ್ಟದ್ದರಲ್ಲಿ. ಆ ವಿನ್ಯಾಸ ನನ್ನದಲ್ಲ.

ಈ ವಾದ ಹೊಳೆದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಅದೇ ಅಸಹ್ಯವಾಯಿತು. ಬೀಗ ಹಾಕದೆ ಹೋದ ಕಾವಲುಗಾರ, ಕಳ್ಳ ಹೇಗೂ ಹೆಂಚು ತೆಗೆದೇ ಬರಬಹುದಿತ್ತು ಎಂದಂತಾಯಿತು. ಬಂದದ್ದು ಬಾಗಿಲಿನಿಂದಲೇ ತಾನೆ.

ನನಗಿಂತ ದೊಡ್ಡವರು ಇದೇ ಹಳ್ಳಕ್ಕೆ ಬಿದ್ದದ್ದನ್ನು ಆಮೇಲೆ ಓದಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಏರಿಯಾನ್ 5 ರಾಕೆಟ್, ಉಡಾವಣೆ ಶುರುವಾದ ಸುಮಾರು 40 ಸೆಕೆಂಡಿನಲ್ಲಿ ದಾರಿ ತಪ್ಪಿ ಒಡೆದುಹೋಯಿತು. ಅಡ್ಡವೇಗಕ್ಕೆ ಸಂಬಂಧಿಸಿದ ಒಂದು 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುರುಕುವಾಗ ಅದು ಹಿಡಿಸಲಿಲ್ಲ. ಹಿಡಿಸದಿದ್ದರೆ ಏನು ಮಾಡಬೇಕೆಂಬ ರಕ್ಷಣೆಯನ್ನು ಅಂಥ ಏಳು ಬೆಲೆಗಳ ಪೈಕಿ ನಾಲ್ಕಕ್ಕೆ ಇಟ್ಟಿದ್ದರು, ಮೂರಕ್ಕೆ ಇಟ್ಟಿರಲಿಲ್ಲ. ಕಂಪ್ಯೂಟರಿನ ಮೇಲಿನ ಹೊರೆ 80 ಶೇಕಡಾ ದಾಟಬಾರದು ಎಂಬ ಗುರಿಯಿತ್ತು. ಆ ಮೂರು ಬೆಲೆಗಳು ಮೀರುವುದೇ ಸಾಧ್ಯವಿಲ್ಲ ಎಂದು ಕೂಲಂಕಷ ಲೆಕ್ಕ ಹಾಕಿಯೇ ಬಿಟ್ಟಿದ್ದರು. ಲೆಕ್ಕ ಸರಿಯಾಗಿಯೇ ಇತ್ತು, ಏರಿಯಾನ್ 4ಕ್ಕೆ. ಐದಕ್ಕೆ ಅದೇ ಪ್ರೋಗ್ರಾಂ ಎತ್ತಿಟ್ಟರು, ಅದರ ಹಾದಿ ಬೇರೆ, ವೇಗ ಹೆಚ್ಚು. ತಮಾಷೆಯೆಂದರೆ ಆ ಲೆಕ್ಕ ಏರಿಯಾನ್ 5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಜಾಕ್-ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಅದೇ ಜುಲೈ ತಿಂಗಳಲ್ಲಿ ವರದಿ ಕೊಟ್ಟಿತು. ಅದರಲ್ಲಿ ಉಳಿದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಸಣ್ಣದು: ಆ ಮೂರಕ್ಕೆ ಏಕೆ ರಕ್ಷಣೆಯಿಲ್ಲ ಎಂಬ ಕಾರಣ ಪ್ರೋಗ್ರಾಂನೊಳಗೆ ಎಲ್ಲೂ ಬರೆದಿರಲಿಲ್ಲ.

ಅವರೂ ಆ ದಿನ ಸರಿ ಇದ್ದರು. ಆ ಸರಿಗೆ ಒಂದು ಅವಧಿ ಇತ್ತು, ಅವಧಿ ಎಷ್ಟೆಂದು ಸಾಲಿನ ಪಕ್ಕದಲ್ಲಿ ಇರಲಿಲ್ಲ.

ನಮ್ಮ ವ್ಯಾಕರಣ ಪರಂಪರೆ ಈ ವಿಷಯದಲ್ಲಿ ಬಿಗಿ. ಪಾಣಿನಿಯ ಪರಂಪರೆಯಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗ ಎಂದೂ ಅದನ್ನು ತಡೆಯುವ ವಿಶೇಷ ನಿಯಮಕ್ಕೆ ಅಪವಾದ ಎಂದೂ ಹೆಸರು. ಅಪವಾದವೆಂದರೆ ನಿಯಮ ಇಲ್ಲದಿರುವುದಲ್ಲ, ಅದೂ ನಿಯಮವೇ. ಎಲ್ಲಿ, ಯಾವುದರ ಮುಂದೆ, ಎಷ್ಟರ ಮಟ್ಟಿಗೆ ಎಂದು ಅದರ ಎಲ್ಲೆ ಹೇಳಿರಬೇಕು. ಆ ಎಲ್ಲೆಯಾಚೆ ಉತ್ಸರ್ಗ ಎಂದಿನಂತೆ ನಡೆಯುತ್ತದೆ. ವ್ಯಾಕರಣದ ಹೊರಗೆ ಅದೇ 'ಅಪವಾದ' ಎಂಬ ಪದಕ್ಕೆ ಕನ್ನಡದಲ್ಲಿ ಮೇಲೆ ಬಂದ ಆರೋಪ ಎಂಬ ಅರ್ಥ. ಓವರ್‌ಲೋಡ್ ಆದ ಪದ. ನನ್ನ ಸಾಲಿನಲ್ಲಿ ಇದು ಮೊದಲನೇ ಅರ್ಥದ ಅಪವಾದವಾಗಿ ಹುಟ್ಟಿ ಎರಡನೇ ಅರ್ಥದ ಅಪವಾದವಾಗಿ ಬೆಳೆಯಿತು.

ಹಾಗೆಂದು ನಾನು ಅಂದು ಬಾಯಿ ಮುಚ್ಚಿಸಬಾರದಿತ್ತು ಎನ್ನಲಾರೆ. ಸುಳ್ಳು ಕೂಗನ್ನು ಹಾಗೇ ಬಿಟ್ಟಿದ್ದರೆ ಎಲ್ಲರೂ ದಿನವೂ ನೋಡಿ ನೋಡಿ, ನಿಜವಾದ ಕೂಗನ್ನೂ ಕೇಳದಂತಾಗುತ್ತಿದ್ದರು. ಚೆಕರ್‌ಗೆ ಹಿತವಾಗುವಂತೆ ಸರಿಯಿದ್ದ ಪ್ರೋಗ್ರಾಂ ಅನ್ನು ತಿರುಚಿ ಬರೆಯಬಹುದಿತ್ತು. ಅದು ಕುರುಡ ಗುಮಾಸ್ತನಿಗಾಗಿ ಊರಿನ ಹೆಸರನ್ನೇ ಬದಲಿಸಿದ ಹಾಗೆ. ಇನ್ನೊಂದು ದಾರಿ, ಇದು ಇಂಥದ್ದೇ ಎಂದು ಚೆಕರ್‌ಗೆ ಆಣೆ ಮಾಡಿ ಹೇಳುವುದು. ಅದು ನಿಜವಾಗಿರುವಷ್ಟು ದಿನ ಆಣೆ, ಆಮೇಲೆ ಸುಳ್ಳುಸಾಕ್ಷಿ. ಮೀರಿದ್ದು ತಪ್ಪಲ್ಲ ಎಂದೇ ಈಗಲೂ ನನ್ನ ಎಣಿಕೆ. ಮೀರಿದ ರೀತಿಯಲ್ಲಿ ಏನೋ ಕಳ್ಳತನವಿತ್ತು. ಏನು ಎಂದು ತಿಳಿಯಲು ಅಪ್ಪನ ಪುಸ್ತಕಗಳು ನೆನಪಾಗಬೇಕಾಯಿತು.

ಅಪ್ಪ ಊರಿನ ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದರು. ಅವರ ಖಾತೆ ಪುಸ್ತಕದಲ್ಲಿ ಅಳಿಸುವುದು ಎಂಬುದೇ ಇರಲಿಲ್ಲ. ತಪ್ಪಾದ ಅಂಕಿಯ ಮೇಲೆ ತೆಳ್ಳಗೆ ಒಂದೇ ಗೆರೆ, ಒಳಗಿನ ಅಂಕಿ ಓದಲು ಬರಬೇಕು. ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ಪುಟ್ಟ ಸಹಿ ಮತ್ತು ತಾರೀಕು. ಪುಟದ ಕೊನೆಗೆ 'ಈ ಪುಟದಲ್ಲಿ ಚಿತ್ತುಕಾಟು ಎರಡು' ಎಂದು ಎಣಿಸಿ ಬರೆದು ಮತ್ತೊಂದು ಸಹಿ. ಚಿಕ್ಕವನಿದ್ದಾಗ ನನಗಿದು ಹುಚ್ಚಾಟವೆನಿಸುತ್ತಿತ್ತು. "ಸರಿ ಮಾಡಿದ್ದೀರಲ್ಲ, ಮತ್ತೆ ಸಹಿ ಯಾಕೆ?" ಎಂದು ಕೇಳಿದ್ದೆ. "ಸರಿ ಮಾಡಿದ್ದಕ್ಕೇ ಸಹಿ ಬೇಕು ಮಾರಾಯ, ತಪ್ಪಿಗೆ ಯಾರು ಸಹಿ ಹಾಕ್ತಾರೆ" ಎಂದಿದ್ದರು. ಆಡಿಟರ್ ಬಂದು ಆ ಗೆರೆಯ ಕೆಳಗಿನ ಅಂಕಿಯನ್ನೂ ಓದಿ, ತಿದ್ದಿದ್ದೇ ತಪ್ಪು ಎನ್ನಬಹುದು. ಹಾಗೆ ಅನ್ನಲು ಅವನಿಗೆ ಜಾಗ ಬಿಟ್ಟಿರಬೇಕು, ಅಷ್ಟೇ.

ಟೈಪ್ ಚೆಕರ್ ಮಾಡಿದವರಿಗೂ ಅಪ್ಪನ ಬುದ್ಧಿ ಇದ್ದಿರಬೇಕು. ಮೈಪೈಯಲ್ಲಿ ಆ ಟಿಪ್ಪಣಿಯ ಮುಂದೆ ಚೌಕ ಕಂಸದಲ್ಲಿ ಯಾವ ಬಗೆಯ ದೂರನ್ನು ಮಾತ್ರ ಕಡೆಗಣಿಸಬೇಕು ಎಂದು ಬರೆಯಬಹುದು, ಬೇರೆ ಬಗೆಯ ದೂರು ಬಂದರೆ ಕೂಗುತ್ತದೆ. ಇನ್ನೊಂದು ಸೌಕರ್ಯ ಇದಕ್ಕಿಂತ ದೊಡ್ಡದು. ಈ ಟಿಪ್ಪಣಿಯ ಅಗತ್ಯ ಈಗ ಇಲ್ಲ, ತೆಗೆಯಿರಿ ಎಂದು ಎಚ್ಚರಿಸುವಂತೆ ಅದಕ್ಕೆ ಹೇಳಿಡಬಹುದು. ನಮ್ಮಲ್ಲಿ ಅದನ್ನು ಚಾಲು ಮಾಡಿದ್ದರೆ, ತಯಾರಕರು ತಮ್ಮ ದೋಷ ತಿದ್ದಿದ ಆವೃತ್ತಿ ಹಾಕಿಕೊಂಡ ದಿನವೇ ನನ್ನ ಸಾಲು ಎದ್ದು ಕಾಣುತ್ತಿತ್ತು, ಹುಡುಗ ಕೆಲಸಕ್ಕೆ ಸೇರುವುದಕ್ಕೂ ಮುಂಚೆ. ಇವೆರಡೂ ಸವಲತ್ತು ನನಗೆ ಗೊತ್ತಿದ್ದವು. ಗೊತ್ತಿಲ್ಲದಿದ್ದರೆ ಈ ಬರಹ ಬೇಕಿರಲಿಲ್ಲ. ಆವತ್ತು ಏಕೆ ಬಳಸಲಿಲ್ಲ ಎಂದು ಕೇಳಿಕೊಂಡಾಗ ಸಿಗುವ ಉತ್ತರ ಮುಜುಗರದ್ದು: ನಾನು ಸರಿಯಿದ್ದೆ. ಸರಿಯಿದ್ದವನು ವಿವರಣೆ ಏಕೆ ಕೊಡಬೇಕು? ತಪ್ಪಿರಬಹುದು ಎಂಬ ಅನುಮಾನ ಒಂದಿಷ್ಟಿದ್ದರೂ ಎರಡು ಮಾತು ಬರೆದಿರುತ್ತಿದ್ದೆ.

ಕಂಪನಿ ಗ್ರಾಹಕರಿಗೆ ಕಳಿಸಿದ ಪತ್ರದಲ್ಲಿ 'ತಾಂತ್ರಿಕ ಕಾರಣದಿಂದ ಕೆಲವು ದಾಖಲೆಗಳಲ್ಲಿ ವ್ಯತ್ಯಾಸವಾಗಿದೆ' ಎಂಬ ಅರ್ಥದ ಇಂಗ್ಲಿಷ್ ವಾಕ್ಯವಿತ್ತು. ಕನ್ನಡದಲ್ಲೂ ಈ 'ಆಗಿದೆ' ಬಲು ಅನುಕೂಲದ್ದು. ತಪ್ಪು ಮಾಡಿದೆ ಎನ್ನಲು ಒಬ್ಬ ಬೇಕು, ತಪ್ಪಾಗಿದೆ ಎನ್ನಲು ಯಾರೂ ಬೇಡ. ಫೋನಿನಲ್ಲಿ ಆ ಮನುಷ್ಯನಿಗೆ ನಾನೂ ಅದನ್ನೇ ಹೇಳಿದ್ದೆನಲ್ಲ, ಎಲ್ಲೋ ತಪ್ಪಾಗಿರಬೇಕು ಎಂದು. ಅವರ ವಾಕ್ಯದಲ್ಲಾದರೋ ಪ್ರತಿಯೊಂದರಲ್ಲೂ ಕರ್ತೃ ಇದ್ದ: ನಾ ತಪ್ಪಿಸಿಲ್ಲ, ನಾ ಒತ್ತೀನಿ, ನಾ ಸುಳ್ಳ ಹೇಳ್ತೀನೇನ್ರಿ.

ನಾಲ್ಕನೇ ದಿನ ನಾನೇ ಅವರಿಗೆ ಫೋನು ಮಾಡಿದೆ. ಕಂಪ್ಯೂಟರಿಗೆ ಹಾಗೆ ಹೇಳಲು ನಾನೇ ಬರೆದಿದ್ದೆ, ತಪ್ಪು ನನ್ನದು, ನಿಮ್ಮದಲ್ಲ ಎಂದೆ. ಓವರ್‌ಲೋಡ್, ಟ್ಯೂಪಲ್ ಏನೂ ಹೇಳಲಿಲ್ಲ. ಅತ್ತ ಸ್ವಲ್ಪ ಹೊತ್ತು ಬರೀ ಕಾಂಕ್ರೀಟ್ ಮಿಕ್ಸರಿನ ಸದ್ದು. "ನೀವ್ ಬರದಿದ್ರೇನ್ರೀ?" ಎಂದರು, ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಆಮೇಲೆ, "ಹಂಗಾದ್ರ ಈ ಸೂಪರ್‌ವೈಸರ್‌ಗ ಒಂದ್ ಮಾತ್ ಹೇಳ್ರಿ ಸರ. ನನಗ ಕಳ್ಳ ಅಂದಾನ." ಕೂಲಿಯ ಮಾತು ಅವರು ಎತ್ತಿದ್ದು ಅದರ ನಂತರ. ಸೂಪರ್‌ವೈಸರ್‌ಗೆ ಮರಾಠಿಯಲ್ಲಿ ಹೇಳಿದೆ. ನಮ್ಮ ಕಚೇರಿಯಲ್ಲಿ ಇದಕ್ಕೆ, ಗ್ರಾಹಕರ ಮುಂದೆ ತಪ್ಪು ಒಪ್ಪಿಕೊಳ್ಳುವುದು ನಿನ್ನ ಕೆಲಸವಲ್ಲ ಎಂದು ಒಂದು ಮಾತು ಕೇಳಬೇಕಾಯಿತು. ಆ ಮಾತಿನಲ್ಲೂ ನ್ಯಾಯವಿದೆ, ನಾನು ವಾದಿಸಲಿಲ್ಲ.

ಸೈಟಿನ ಹೆಬ್ಬಟ್ಟಿನ ಪುಸ್ತಕ ಇತ್ತಾದ್ದರಿಂದ ಎರಡು ತಿಂಗಳ ಹಾಜರಿ ಮತ್ತೆ ಕಟ್ಟಲು ಬಂತು. ಸರಿಪಡಿಸಿದ ಪಟ್ಟಿ ಹೋಯಿತು. ಹಣ ಕೊಟ್ಟಾಯಿತು ಎಂದು ಕಂತ್ರಾಟುದಾರರು ತಿಳಿಸಿದರು, ಮೂವರನ್ನು ಬಿಟ್ಟು. ಅವರು ಅಷ್ಟರೊಳಗೆ ಸೈಟು ಬಿಟ್ಟಿದ್ದರು. ಒಬ್ಬಾಕೆ ಊರಿಗೆ ಹೋದಳಂತೆ, ಇನ್ನಿಬ್ಬರು ಎಲ್ಲಿ ಎಂದು ಗ್ಯಾಂಗಿನವರಿಗೂ ತಿಳಿಯದು. ಹಾಜರಿ ಇಲ್ಲವೆಂದು ಜಗಳವಾಗಿಯೇ ಬಿಟ್ಟರೋ, ಬೇರೆ ಕೆಲಸ ಸಿಕ್ಕಿತೆಂದೋ, ಕೇಳುವವರಿಲ್ಲ. ನಮ್ಮ ಖಾತೆಯಲ್ಲಿ ಅವರ ಹಾಜರಿ ಈಗ ಸರಿಯಾಗಿದೆ.

ಹುಡುಗನೂ ನಾನೂ ಕೂತು ಆ ಮೆಥಡ್ ಅನ್ನು ಎರಡಾಗಿ ಒಡೆದೆವು. 'ಒಬ್ಬರ ಹಾಜರಿ' ಒಂದು, 'ಗ್ಯಾಂಗಿನ ಹಾಜರಿ' ಒಂದು, ಹೆಸರೇ ಬೇರೆ ಬೇರೆ. ಓವರ್‌ಲೋಡ್ ಹೋಯಿತು. ಇಷ್ಟು ಸಲೀಸಾಗಿದ್ದುದನ್ನು ಮೊದಲೇ ಏಕೆ ಮಾಡಲಿಲ್ಲ ಎಂದು ಅವನು ಕೇಳಿದ. ಒಂದೇ ಹೆಸರಿದ್ದರೆ ನೋಡಲು ಚೆಂದ ಎಂದೆ.

ಅದಾದ ಮೇಲೆ, ನಮ್ಮ ಇಡೀ ಸಂಗ್ರಹದಲ್ಲಿ ನಾನು ಹಾಕಿದ ಇಂಥ ಟಿಪ್ಪಣಿಗಳು ಎಷ್ಟಿವೆ ಎಂದು ಹುಡುಕಿದೆ. ಅರವತ್ತೇಳು. ದಿನಕ್ಕೆ ಎರಡೋ ಮೂರೋ ಎಂದು, ಕಾರಣ ನೆನಪಿಸಿಕೊಂಡು, ಬಗೆ ನಮೂದಿಸಿ, ಪಕ್ಕದಲ್ಲಿ ತಾರೀಕು ಬರೆಯುತ್ತ ಬಂದಿದ್ದೇನೆ. ಕೆಲವಕ್ಕೆ ಅಗತ್ಯವೇ ಉಳಿದಿರಲಿಲ್ಲ, ತೆಗೆದೆ. ಎರಡರಲ್ಲಿ ಚೆಕರ್ ಸರಿ, ನಾನೇ ತಪ್ಪಿದ್ದೆ, ಅದೃಷ್ಟವಶಾತ್ ಏನೂ ಆಗಿರಲಿಲ್ಲ. ಮೊನ್ನೆ ಸಿಕ್ಕ ಒಂದಕ್ಕೆ ಮಾತ್ರ ಏಕೆ ಹಾಕಿದ್ದೆ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ತೆಗೆದು ಓಡಿಸಿ ನೋಡಿದೆ. ಚೆಕರ್ ಏನೂ ಹೇಳಲಿಲ್ಲ. ಐರೋಲಿಯಿಂದ ಠಾಣೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ, ಟಿಪ್ಪಣಿಯನ್ನು ಮತ್ತೆ ಹಾಕಲೋ, ಹಾಗೇ ಬಿಡಲೋ ಎಂದು.